ದೂರವನ್ನು ಕೈಬಿಟ್ಟವರು

ಡಾ ವಿಂಚಿ ಶಸ್ತ್ರಚಿಕಿತ್ಸಾ ರೋಬಾಟನ್ನು ಕಂಡುಹಿಡಿದದ್ದು ಕ್ಯಾಲಿಫೋರ್ನಿಯಾದ ಇಂಟ್ಯೂಟಿವ್ ಸರ್ಜಿಕಲ್ ಕಂಪನಿ ಎಂದು ಬರೆಯುವುದು ರೂಢಿ. ಅದು ಅರ್ಧ ಮಾತ್ರ ನಿಜ. ಯಂತ್ರದ ಮೂಲ ಕಲ್ಪನೆ ಬೆಳೆದದ್ದು ಮೆನ್ಲೊ ಪಾರ್ಕಿನ ಎಸ್‌ಆರ್‌ಐ ಇಂಟರ್‌ನ್ಯಾಷನಲ್ ಸಂಶೋಧನಾ ಸಂಸ್ಥೆಯಲ್ಲಿ, ಫಿಲಿಪ್ ಗ್ರೀನ್ ಅವರ ತಂಡದ ಕೈಯಲ್ಲಿ. ವೈದ್ಯ ಒಂದು ಕಡೆ ಕುಳಿತು ಹಿಡಿಕೆಗಳನ್ನು ಆಡಿಸಿದರೆ ಮತ್ತೊಂದು ಕಡೆ ಯಾಂತ್ರಿಕ ತೋಳುಗಳು ಕತ್ತರಿಸಿ ಹೊಲಿಯುವ ವ್ಯವಸ್ಥೆ ಅದು. ಅಮೆರಿಕದ ಸೇನೆ ಇದಕ್ಕೆ ಹಣ ಕೊಟ್ಟದ್ದಕ್ಕೆ ಕಾರಣವೂ ಸ್ಪಷ್ಟವಿತ್ತು: ಗಾಯಗೊಂಡ ಸೈನಿಕ ರಣರಂಗದಲ್ಲಿ, ಸರ್ಜನ್ ಗುಂಡು ತಾಗದಷ್ಟು ದೂರದಲ್ಲಿ. ಯಂತ್ರದ ಜೀವಾಳವೇ ದೂರವಾಗಿತ್ತು. 1995ರಲ್ಲಿ ಇಂಟ್ಯೂಟಿವ್ ಕಂಪನಿ ಕಟ್ಟಿದ ಮೂವರು ಮೊದಲು ಕೈಬಿಟ್ಟದ್ದು ಅದೇ ದೂರವನ್ನು.

ಆ ಮೂವರಲ್ಲಿ ಫ್ರೆಡರಿಕ್ ಮೋಲ್ ವೈದ್ಯಕೀಯ ಓದಿ, ಸರ್ಜನ್ ತರಬೇತಿಯನ್ನು ನಡುವೆಯೇ ಬಿಟ್ಟು ಉಪಕರಣ ತಯಾರಿಕೆಗೆ ಇಳಿದಿದ್ದವರು. ಸಣ್ಣದೊಂದು ತೊಂದರೆ ಸರಿಪಡಿಸಲು ರೋಗಿಯ ಹೊಟ್ಟೆಯನ್ನು ಉದ್ದಕ್ಕೂ ಸೀಳುವುದು ಅವರಿಗೆ ಒಗ್ಗುತ್ತಿರಲಿಲ್ಲ. ಎಸ್‌ಆರ್‌ಐ ಯಂತ್ರವನ್ನು ಕಂಡಾಗ ಅವರು ಗೈಡೆಂಟ್ ಎಂಬ ವೈದ್ಯಕೀಯ ಉಪಕರಣ ಕಂಪನಿಯಲ್ಲಿದ್ದರು. ಆ ಕಂಪನಿಗೆ ಇದರಲ್ಲಿ ಆಸಕ್ತಿ ಹುಟ್ಟಲಿಲ್ಲ. ಎರಡನೆಯವರಾದ ಜಾನ್ ಫ್ರಾಯಿಂಡ್ ಕೂಡ ವೈದ್ಯಪದವಿ ಪಡೆದವರೇ, ಆದರೆ ಅವರ ಕೈಚಳಕವಿದ್ದದ್ದು ವ್ಯವಹಾರದಲ್ಲಿ. ಎಸ್‌ಆರ್‌ಐ ಜತೆ ಮಾತುಕತೆ ನಡೆಸಿ ತಂತ್ರಜ್ಞಾನದ ಹಕ್ಕನ್ನು ದಕ್ಕಿಸಿಕೊಂಡವರು ಅವರು. ಮೂರನೆಯವರಾದ ರಾಬ್ ಯಂಗ್ ಎಂಜಿನಿಯರ್, ಅಲ್ಟ್ರಾಸೌಂಡ್ ಯಂತ್ರಗಳಿಗೆ ಹೆಸರಾದ ಅಕ್ಯುಸಾನ್ ಕಂಪನಿಯ ಸ್ಥಾಪಕರಲ್ಲೊಬ್ಬರು. ಪ್ರಯೋಗಾಲಯದ ಮಾದರಿಯನ್ನು ಆಸ್ಪತ್ರೆ ದಿನವೂ ಬಳಸಬಹುದಾದ ಯಂತ್ರವಾಗಿಸುವುದು ಎಂಥ ಕಷ್ಟವೆಂದು ಆಗಲೇ ಅನುಭವಿಸಿದ್ದವರು. ನನ್ನ ಲೆಕ್ಕದಲ್ಲಿ ಮೂವರ ಪೈಕಿ ಅತಿ ಕಡಿಮೆ ಪ್ರಚಾರ ಸಿಕ್ಕಿದ್ದೂ, ಯಾರನ್ನು ಬಿಟ್ಟರೆ ಕೆಲಸ ನಿಲ್ಲುತ್ತಿತ್ತೋ ಅವರೂ ಇವರೇ.

ದೂರವನ್ನು ಬಿಟ್ಟ ಮೇಲೆ ಉಳಿದದ್ದು ಏನು? ಇದಕ್ಕೆ ಆಗಿನ ಲ್ಯಾಪರೊಸ್ಕೋಪಿಯ ಕಷ್ಟವನ್ನು ಅರಿಯಬೇಕು. ಹೊಟ್ಟೆಯಲ್ಲಿ ಕಿರುರಂಧ್ರ ಮಾಡಿ ಉದ್ದನೆಯ ಉಪಕರಣ ತೂರಿಸಿದಾಗ ಆ ರಂಧ್ರವೇ ಆಧಾರಬಿಂದುವಾಗುತ್ತದೆ. ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತದೆ. ಉಪಕರಣಕ್ಕೆ ಮಣಿಕಟ್ಟಿಲ್ಲ, ಒಳಗೆ ಹೊರಗೆ, ಅತ್ತ ಇತ್ತ ಆಡಬಹುದು, ತನ್ನ ಸುತ್ತ ತಿರುಗಬಹುದು, ಆದರೆ ತುದಿಯಲ್ಲಿ ಬಾಗುವುದಿಲ್ಲ. ಕಾಣುವುದೂ ಚಪ್ಪಟೆ ಪರದೆಯ ಮೇಲೆ, ಆಳ ತಿಳಿಯದಂತೆ. ಪಿತ್ತಕೋಶ ತೆಗೆಯಲು ಇಷ್ಟು ಸಾಕಿತ್ತು. ಸೂಕ್ಷ್ಮ ಹೊಲಿಗೆಗೆ ಕೂತರೆ ಅದು ಉದ್ದನೆಯ ಇಕ್ಕಳ ಹಿಡಿದು ಸೂಜಿಗೆ ದಾರ ಪೋಣಿಸಿದ ಹಾಗೆ.

ಇಂಟ್ಯೂಟಿವ್ ತಂಡ ಯಂತ್ರವನ್ನು ಈ ತೊಡಕಿಗೆ ಹೊಂದಿಸಿತು. ವೈದ್ಯರು ರೋಗಿಯ ಕೋಣೆಯಲ್ಲೇ ನಾಲ್ಕಾರು ಹೆಜ್ಜೆ ದೂರದಲ್ಲಿ ಕುಳಿತುಕೊಳ್ಳುತ್ತಾರೆ. ಎರಡು ಕಣ್ಣಿಗೆ ಎರಡು ಚಿತ್ರ, ಆದ್ದರಿಂದ ಆಳ ಕಾಣುತ್ತದೆ. ಉಪಕರಣದ ತುದಿಗೆ ಉಕ್ಕಿನ ತಂತಿಗಳಿಂದ ಎಳೆಯುವ ಪುಟ್ಟ ಮಣಿಕಟ್ಟು. ಕಂಪ್ಯೂಟರ್ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಕೈಯ ಸ್ಥಾನವನ್ನು ಓದಿ, ಎಡ ಬಲದ ಗೊಂದಲ ನಿವಾರಿಸಿ, ಬೆರಳಿನ ನಡುಕವನ್ನು ಸೋಸಿ, ದೊಡ್ಡ ಚಲನೆಯನ್ನು ಕಿರಿದಾಗಿಸಿ ತುದಿಗೆ ಕಳಿಸುತ್ತದೆ. ಇವೆಲ್ಲವೂ ಸ್ವಂತ ಬುದ್ಧಿಯ ಫಲವಲ್ಲ. ಎಸ್‌ಆರ್‌ಐ ಅಲ್ಲದೆ ಎಂಐಟಿ ಮತ್ತು ಐಬಿಎಂನಿಂದಲೂ ಹಕ್ಕುಗಳನ್ನು ಪಡೆದುಕೊಂಡರು. ಎಸ್‌ಆರ್‌ಐ ತಂಡದಲ್ಲಿದ್ದ ಗ್ಯಾರಿ ಗುಥಾರ್ಟ್ 1996ರಲ್ಲಿ ಇಲ್ಲಿಗೇ ಬಂದರು. ಪೇಟೆಂಟ್ ಕಾಗದವನ್ನು ಕೊಳ್ಳಬಹುದು. ಆ ಕಾಗದದಲ್ಲಿ ಬರೆಯದೆ ಉಳಿದ ಅನುಭವ ಬೇಕಿದ್ದರೆ ಮನುಷ್ಯರೇ ಬರಬೇಕು.

1997ರ ಮಾರ್ಚ್‌ನಲ್ಲಿ ಬೆಲ್ಜಿಯಂನ ಡೆಂಡರ್‌ಮಾಂಡೆಯಲ್ಲಿ ಈ ಯಂತ್ರದ ಮೋನಾ ಹೆಸರಿನ ಮಾದರಿಯಿಂದ ಮೊದಲ ಬಾರಿಗೆ ಮನುಷ್ಯರ ಪಿತ್ತಕೋಶ ತೆಗೆಯಲಾಯಿತು. ಅದೇ ವರ್ಷ ಲಾನಿ ಸ್ಮಿತ್ ಸಿಇಒ ಆಗಿ ಬಂದರು. ಅವರು ವೈದ್ಯರೂ ಅಲ್ಲ, ಯಂತ್ರದ ಕನಸು ಕಂಡವರೂ ಅಲ್ಲ. ದೊಡ್ಡ ಕಂಪನಿ ನಡೆಸಿ ಬಲ್ಲವರು. ಸ್ಥಾಪಕರು ಇಷ್ಟು ಬೇಗ ಚುಕ್ಕಾಣಿಯನ್ನು ಬೇರೆಯವರ ಕೈಗೆ ಕೊಡುವುದು ಅಪರೂಪ.

ಇಷ್ಟೆಲ್ಲ ಜಾಣರಿದ್ದೂ ಮುಖ್ಯವಾದ ಒಂದು ಅಂದಾಜು ಕೆಟ್ಟಿತು. ಅವರ ಗುರಿ ಹೃದಯವಾಗಿತ್ತು. ಎದೆಗೂಡು ಸೀಳದೆ ಬೈಪಾಸ್ ಮಾಡುವುದಕ್ಕಿಂತ ದೊಡ್ಡ ಮಾರುಕಟ್ಟೆ ಯಾವುದಿದೆ? 1998ರಲ್ಲಿ ಪ್ಯಾರಿಸ್ಸಿನಲ್ಲಿ ಹೃದಯ ಸರ್ಜನ್ ಅಲೆನ್ ಕಾರ್ಪಾಂತಿಯೇ ಇದೇ ಯಂತ್ರದಿಂದ ಹೃದಯದ ಕವಾಟವನ್ನು ಸರಿಪಡಿಸಿಯೂ ಇದ್ದರು. ಆದರೆ ಮಿಡಿಯುವ ಅಂಗದ ಮೇಲಿನ ಕೆಲಸ ಬಹಳ ಸಮಯ ಹಿಡಿಯುತ್ತಿತ್ತು, ರಕ್ತನಾಳವನ್ನು ಒಳಗಿನಿಂದ ತೆರೆದಿಡುವ ಸ್ಟೆಂಟ್‌ಗಳೂ ಆ ಹೊತ್ತಿಗೆ ಬೈಪಾಸ್‌ನ ಜಾಗ ಕಬಳಿಸುತ್ತಿದ್ದವು. ಯಂತ್ರವನ್ನು ಉಳಿಸಿದ್ದು ಯಾರೂ ಎಣಿಸದ ಪ್ರಾಸ್ಟೇಟ್. ಗಂಡಸರ ಕಿಬ್ಬೊಟ್ಟೆಯ ಮೂಳೆಗಳ ನಡುವೆ ಇಕ್ಕಟ್ಟಿನಲ್ಲಿ ಅಡಗಿರುವ ಗ್ರಂಥಿ. ತೆಗೆದ ಮೇಲೆ ಮೂತ್ರಕೋಶವನ್ನೂ ಮೂತ್ರನಾಳವನ್ನೂ ಮತ್ತೆ ಹೊಲಿಯಬೇಕು. ಮಣಿಕಟ್ಟು ಬೇಕಾದದ್ದು ಇಲ್ಲೇ. ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿ ಭಾರತ ಮೂಲದ ಮಣಿ ಮೆನನ್ ಈ ವಿಧಾನವನ್ನು ತಿದ್ದಿ ತೀಡಿ ದಿನನಿತ್ಯದ ಚಿಕಿತ್ಸೆಯಾಗಿಸಿದರು. ಕಂಪನಿಯ ಭವಿಷ್ಯವನ್ನು ಬರೆದವರಲ್ಲಿ ಅದರ ಸಂಬಳ ಪಟ್ಟಿಯ ಹೊರಗಿದ್ದವರೂ ಇದ್ದರು.

ಇತ್ತ ಯೂಲುನ್ ವಾಂಗ್ ಎಂಬ ಎಂಜಿನಿಯರ್ ಕಟ್ಟಿದ ಕಂಪ್ಯೂಟರ್ ಮೋಷನ್ ಬೇರೆ ದಾರಿ ಹಿಡಿದಿತ್ತು. ಮೊದಲು ಕ್ಯಾಮೆರಾ ಹಿಡಿಯುವ ತೋಳು, ನಂತರ ಜ಼ಿಯಸ್ ಎಂಬ ಶಸ್ತ್ರಚಿಕಿತ್ಸಾ ರೋಬಾಟ್. 2001ರ ಸೆಪ್ಟೆಂಬರ್ 7ರಂದು ನ್ಯೂಯಾರ್ಕಿನಲ್ಲಿ ಕುಳಿತ ಸರ್ಜನ್ ಜಾಕ್ ಮಾರೆಸ್ಕೊ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಮಹಿಳೆಯ ಪಿತ್ತಕೋಶವನ್ನು ತೆಗೆದದ್ದು ಈ ಜ಼ಿಯಸ್‌ನಿಂದಲೇ. ಜಗತ್ತು ಚಪ್ಪಾಳೆ ತಟ್ಟಿತು. ನಾಲ್ಕು ದಿನ ಕಳೆದ ಮೇಲೆ ಅದೇ ನಗರದಿಂದ ಬಂದ ಅವಳಿ ಗೋಪುರಗಳ ದಾಳಿಯ ಸುದ್ದಿಯ ಮುಂದೆ ಅದು ಮರೆತೂ ಹೋಯಿತು. ಅಷ್ಟರಲ್ಲಿ ಎರಡೂ ಕಂಪನಿಗಳು ಪೇಟೆಂಟ್ ಮೊಕದ್ದಮೆಗಳಲ್ಲಿ ಸಿಕ್ಕಿಕೊಂಡಿದ್ದವು. 2003ರಲ್ಲಿ ಇಂಟ್ಯೂಟಿವ್ ಎದುರಾಳಿಯನ್ನೇ ಒಳಗೆ ಸೇರಿಸಿಕೊಂಡಿತು, ಜ಼ಿಯಸ್ ಮೂಲೆಗೆ ಸರಿಯಿತು. ಮುಂದೆ ಬಹುಕಾಲ ಹೇಳಿಕೊಳ್ಳುವಂಥ ಪೈಪೋಟಿಯೇ ಇರಲಿಲ್ಲ. ಡಾ ವಿಂಚಿಯ ಉಪಕರಣಗಳನ್ನು ನಿಗದಿತ ಬಾರಿ ಬಳಸಿದ ಮೇಲೆ ಯಂತ್ರ ಒಪ್ಪಿಕೊಳ್ಳುವುದೇ ಇಲ್ಲ, ಹೊಸದನ್ನು ಕೊಳ್ಳಬೇಕು. ರೋಬಾಟಿನ ಚಿಕಿತ್ಸೆ ಬೆಂಗಳೂರಿನ ಆಸ್ಪತ್ರೆಯಲ್ಲೂ ದುಬಾರಿಯಾಗಲು ಇದೊಂದು ಕಾರಣ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅನುಭವಿ ಸರ್ಜನ್ ತೆರೆದು ಮಾಡಿದ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಗೂ ರೋಬಾಟಿನದಕ್ಕೂ ಮೂರು ತಿಂಗಳ ಹೊತ್ತಿಗೆ ಮೂತ್ರ ನಿಯಂತ್ರಣದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ರಕ್ತನಷ್ಟ ಮಾತ್ರ ರೋಬಾಟಿನಲ್ಲಿ ಕಡಿಮೆ. ಜಾಹೀರಾತು ಓಡಿದ ವೇಗದಲ್ಲಿ ಪುರಾವೆ ಓಡಲಿಲ್ಲ ಎನ್ನಲೇಬೇಕು.

ಮೋಲ್ ಇಂಟ್ಯೂಟಿವ್ ಬಿಟ್ಟು ಹ್ಯಾನ್ಸೆನ್ ಮೆಡಿಕಲ್, ಆಮೇಲೆ ಆರಿಸ್ ಕಟ್ಟಿದರು. ಆರಿಸ್ ಅನ್ನು 2019ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ 340 ಕೋಟಿ ಡಾಲರಿಗೆ ಕೊಂಡಿತು. ಗುಥಾರ್ಟ್ 2010ರಲ್ಲಿ ಇಂಟ್ಯೂಟಿವ್‌ನ ಸಿಇಒ ಆದರು. 2025ರಲ್ಲಿ ಆ ಕುರ್ಚಿಗೆ ಬಂದ ಡೇವ್ ರೋಸಾ ಕೂಡ 1996ರಿಂದ ಅಲ್ಲೇ ಇದ್ದವರು.

ಇಂಟ್ಯೂಟಿವ್ ಸ್ಥಾಪಕರು ಬಿಟ್ಟ ದೂರವನ್ನು ಈಗ ಮತ್ತೊಬ್ಬರು ಎತ್ತಿಕೊಂಡಿದ್ದಾರೆ. ಗುರುಗ್ರಾಮದ ಎಸ್‌ಎಸ್ ಇನ್ನೊವೇಷನ್ಸ್ ಸ್ಥಾಪಿಸಿದ ಸುಧೀರ್ ಶ್ರೀವಾಸ್ತವ ಸ್ವತಃ ಹೃದಯ ಸರ್ಜನ್. ಅಮೆರಿಕದಲ್ಲಿ ರೋಬಾಟ್ ಹಿಡಿದು ಪಳಗಿದವರು. ಅವರ ಮಂತ್ರ ಎಂಬ ಯಂತ್ರದಿಂದ 2025ರ ಜನವರಿಯಲ್ಲಿ ಗುರುಗ್ರಾಮದಿಂದ ಜೈಪುರದ ರೋಗಿಗೆ ಹೃದಯ ಶಸ್ತ್ರಚಿಕಿತ್ಸೆ ನಡೆಯಿತು. ಜಾಲದ ವೇಗ 1995ರದಲ್ಲ, ನಿಜ. ಆದರೂ ಸಂಪರ್ಕ ಕಡಿದರೆ ಅಥವಾ ರಕ್ತನಾಳ ಹರಿದರೆ ಕೂಡಲೇ ಎದೆ ತೆರೆಯಬಲ್ಲ ಸರ್ಜನ್ ಒಬ್ಬರು ರೋಗಿಯ ಪಕ್ಕದಲ್ಲಿ ಇರಲೇಬೇಕು. ಅಂಥವರು ಇಲ್ಲದ ಊರಿಗೆ ಕೇಬಲ್ ಎಳೆದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ತಲುಪುವುದಿಲ್ಲ.