ಚಳಿಯಲ್ಲಿ ಸ್ಮೋಕರ್ ಕೈಕೊಟ್ಟರೆ ತಪ್ಪು ಕಂಟ್ರೋಲರ್‌ದಲ್ಲ

ಚಳಿ ಶುರುವಾದ ಕೂಡಲೇ ನನ್ನ ರಿಪೇರಿ ಮೇಜಿನ ಮೇಲೆ ಟೆಂಪರೇಚರ್ ಕಂಟ್ರೋಲರ್‌ಗಳು ಸಾಲಾಗಿ ಬಂದು ಕೂರುತ್ತವೆ. ಮಾಂಸ ಬೇಯಿಸುವ ಸ್ಮೋಕರ್‌ಗೆ ಜೋಡಿಸುವ ಪುಟ್ಟ ಪೆಟ್ಟಿಗೆಗಳಿವು. ಅವುಗಳ ಜೊತೆ ಬರುವ ದೂರು ಎರಡೇ ಬಗೆ. ಒಂದು, ‘ಎಷ್ಟು ಹೊತ್ತಾದರೂ 110 ಡಿಗ್ರಿ ಮುಟ್ಟುತ್ತಿಲ್ಲ.’ ಇನ್ನೊಂದು ಅದರ ಉಲ್ಟಾ. ‘110 ಇಟ್ಟರೆ 150ಕ್ಕೆ ಹೋಗಿ ಕೂತಿದೆ, ಇಳಿಯುತ್ತಲೇ ಇಲ್ಲ.’ ಬಿಚ್ಚಿ ನೋಡಿದರೆ ಬಹುಪಾಲು ಪೆಟ್ಟಿಗೆಗಳು ಸರಿಯಾಗಿಯೇ ಇರುತ್ತವೆ.

ಈ ಪೆಟ್ಟಿಗೆ ಮಾಡುವ ಕೆಲಸ ಸರಳ. ಸ್ಮೋಕರ್‌ನಲ್ಲಿ ಮಾಂಸ ಹೊಗೆಯ ನಡುವೆ ಗಂಟೆಗಟ್ಟಲೆ ನಿಧಾನವಾಗಿ ಬೇಯಬೇಕು. ಸಾಮಾನ್ಯವಾಗಿ 105ರಿಂದ 120 ಡಿಗ್ರಿ ಸೆಲ್ಸಿಯಸ್ ಒಳಗೆ. ಒಳಗಿನ ಬಿಸಿ ಎಷ್ಟಿದೆ ಅಂತ ಪ್ರೋಬ್ ಎಂಬ ಕಡ್ಡಿಯಂಥ ಸೆನ್ಸರ್ ಹೇಳುತ್ತದೆ. ನೀವು ಇಟ್ಟ ಅಂಕಿಗಿಂತ ಅದು ಕಡಿಮೆಯಿದ್ದರೆ ಕಂಟ್ರೋಲರ್ ಫ್ಯಾನ್ ಓಡಿಸಿ ಇದ್ದಿಲಿಗೆ ಗಾಳಿ ಊದುತ್ತದೆ. ಕರೆಂಟ್ ಸ್ಮೋಕರ್ ಆದರೆ ಹೀಟರ್ ಹಾಕುತ್ತದೆ. ಪೆಲೆಟ್ ಸ್ಮೋಕರ್ ಆದರೆ ಒತ್ತಿದ ಮರದ ಪುಡಿಯ ಗುಳಿಗೆಗಳನ್ನು ಬೆಂಕಿಗೆ ತಳ್ಳುತ್ತದೆ. ಬಿಸಿ ಜಾಸ್ತಿಯಾದರೆ? ಊದುವುದನ್ನು ನಿಲ್ಲಿಸುತ್ತದೆ, ಅಷ್ಟೇ. ತಣಿಸಲು ಅದರ ಕೈಯಲ್ಲಿ ಏನೂ ಇಲ್ಲ. ಆಕ್ಸಿಲರೇಟರ್ ಮಾತ್ರ ಇದ್ದು ಬ್ರೇಕ್ ಇಲ್ಲದ ಗಾಡಿ ಅದು. ಬೆಚ್ಚಗಿನ ದಿನಗಳಲ್ಲಿ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಚಳಿಯಲ್ಲಿ ಬೀಳುತ್ತದೆ.

ಮೊದಲ ದೂರು ತಗೊಳ್ಳೋಣ. ಹೊರಗೆ 30 ಡಿಗ್ರಿ, ಒಳಗೆ 110 ಇದ್ದರೆ ವ್ಯತ್ಯಾಸ 80. ಹೊರಗೆ ಮೈನಸ್ 10 ಆದರೆ ವ್ಯತ್ಯಾಸ 120. ಗೋಡೆಯಿಂದ ಸೋರುವ ಶಾಖ ಹೆಚ್ಚೂಕಡಿಮೆ ಈ ವ್ಯತ್ಯಾಸಕ್ಕೆ ತಕ್ಕಂತೆ ಇರುತ್ತದೆ. ಅಂದರೆ ಅದೇ ಬಿಸಿ ಹಿಡಿದಿಡಲು ಒಂದೂವರೆ ಪಟ್ಟು ಶಾಖ ಬೇಕು. ಇದು ಗಾಳಿ ಇಲ್ಲದ ದಿನದ ಲೆಕ್ಕ. ಗಾಳಿ ಬೀಸಿದರೆ ತೆಳು ತಗಡಿನ ಸ್ಮೋಕರ್ ಇನ್ನೂ ಬೇಗ ಶಾಖ ಕಳೆದುಕೊಳ್ಳುತ್ತದೆ. ದಪ್ಪ ಸೆರಾಮಿಕ್ ಗೋಡೆಯ ಸ್ಮೋಕರ್‌ಗೆ ಇಷ್ಟು ಪೆಟ್ಟು ಬೀಳುವುದಿಲ್ಲ.

ಕರೆಂಟ್ ಸ್ಮೋಕರ್‌ನಲ್ಲಿ ಇದಕ್ಕೆ ಒಂದು ಗಟ್ಟಿ ಮಿತಿ ಇದೆ. ಹೀಟರ್ 800 ವ್ಯಾಟ್‌ನದ್ದಾದರೆ ಕಂಟ್ರೋಲರ್ ಎಷ್ಟೇ ಜಾಣನಾದರೂ 801 ಮಾಡಲು ಬರುವುದಿಲ್ಲ. ಅದಕ್ಕೆ ಉದ್ದನೆಯ ತೆಳು ಎಕ್ಸ್‌ಟೆನ್ಷನ್ ವೈರ್ ಹಾಕಿದರಂತೂ ಕೇಳಬೇಡಿ. ವೋಲ್ಟೇಜ್ ಶೇಕಡಾ 10 ಇಳಿದರೆ ಹೀಟರ್‌ನ ಶಕ್ತಿ ಶೇಕಡಾ 19 ಇಳಿಯುತ್ತದೆ. ಬೇಸಿಗೆಯಲ್ಲಿ ಹೀಟರ್ ಬಹಳ ಹೊತ್ತು ಆರಿಯೇ ಇರುವುದರಿಂದ ಈ ನಷ್ಟ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಚಳಿಯಲ್ಲಿ ಮೊದಲು ನೋಡಬೇಕಾದದ್ದು ಬಿಸಿಯ ಅಂಕಿಯನ್ನಲ್ಲ, ಔಟ್‌ಪುಟ್ ಅಂಕಿಯನ್ನು, ಅಂದರೆ ಕಂಟ್ರೋಲರ್ ಹೀಟರನ್ನೋ ಫ್ಯಾನನ್ನೋ ಶೇಕಡಾ ಎಷ್ಟು ಓಡಿಸುತ್ತಿದೆ ಎಂಬುದನ್ನು. ಔಟ್‌ಪುಟ್ 100 ತೋರಿಸುತ್ತಾ ಬಿಸಿ 95ರಲ್ಲೇ ನಿಂತಿದ್ದರೆ ಕಂಟ್ರೋಲರ್ ತನ್ನ ಕೈಲಾದದ್ದನ್ನೆಲ್ಲ ಮಾಡುತ್ತಿದೆ ಎಂದರ್ಥ. ಸೆಟ್ಟಿಂಗ್ ತಿರುಗಿಸಿ ಪ್ರಯೋಜನವಿಲ್ಲ. ದಪ್ಪ, ಗಿಡ್ಡ ವೈರ್ ಹಾಕಿ, ಗಾಳಿಗೆ ಮರೆ ಕಟ್ಟಿ, ಸ್ಮೋಕರ್ ಮೈಗೆ ಹೊದಿಕೆ ಹೊದಿಸಿ.

ಹೊದಿಕೆ ಅಂದರೆ ಮನೆಯ ಕಂಬಳಿ ಅಲ್ಲ, ಅದು ಹೊತ್ತಿಕೊಳ್ಳುತ್ತದೆ. ವೆಲ್ಡಿಂಗ್ ಮಾಡುವವರು ಕಿಡಿ ತಡೆಯಲು ಬಳಸುವ ಬೆಂಕಿ ತಾಳುವ ಬಟ್ಟೆ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳಿಕಂಡಿ, ಚಿಮಣಿ, ಫ್ಯಾನ್, ಪೆಲೆಟ್ ಡಬ್ಬಿ ಇವನ್ನು ಮಾತ್ರ ಮುಚ್ಚಬಾರದು.

ಎರಡನೇ ದೂರು ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಚಳಿಯಲ್ಲಿ ಬಿಸಿ ಏರದಿರುವುದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಹೊರಗೆ ಕೊರೆಯುತ್ತಿರುವಾಗ ಒಳಗೆ ಬೇಕಾದ್ದಕ್ಕಿಂತ 40 ಡಿಗ್ರಿ ಜಾಸ್ತಿ ಯಾಕೆ? ಇದಕ್ಕೆ ಎರಡು ಕಾರಣ ಸೇರಿಕೊಳ್ಳುತ್ತವೆ.

ಒಂದು, ಚಿಮಣಿಯ ಎಳೆತ. ಬಿಸಿಗಾಳಿ ಹಗುರ, ಅದು ಮೇಲಿನ ಕಂಡಿಯಿಂದ ಹೊರಗೆ ಹೋಗುತ್ತದೆ. ಆ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ನುಗ್ಗುತ್ತದೆ. ಹೊರಗಿನ ಗಾಳಿ ತಣ್ಣಗಾದಷ್ಟೂ ಭಾರ, ಎಳೆತವೂ ಅಷ್ಟೇ ಜಾಸ್ತಿ. ಒಳಗೆ 110 ಡಿಗ್ರಿ ಇರುವಾಗ ಹೊರಗೆ 30ರ ಬದಲು ಮೈನಸ್ 10 ಇದ್ದರೆ, ಎಳೆಯುವ ಒತ್ತಡ ಸುಮಾರು ಶೇಕಡಾ 70ರಷ್ಟು ಏರುತ್ತದೆ. ಅಂದರೆ ಫ್ಯಾನ್ ಪೂರ್ತಿ ನಿಂತಿದ್ದರೂ ಇದ್ದಿಲಿಗೆ ಗಾಳಿ ಸಿಗುತ್ತಲೇ ಇರುತ್ತದೆ. ಕಂಟ್ರೋಲರ್ ಸೊನ್ನೆ ತೋರಿಸುತ್ತಾ ಕೂತಿರುತ್ತದೆ, ಬೆಂಕಿ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ.

ಇನ್ನೊಂದು ಕಾರಣ ಪಿಐಡಿ ಎಂಬ ಲೆಕ್ಕದೊಳಗಿದೆ. ಒಳ್ಳೆಯ ಕಂಟ್ರೋಲರ್‌ಗಳಲ್ಲಿ ಹೆಚ್ಚಿನವು ಬಳಸುವುದು ಇದನ್ನೇ. ಇದು ಈಗ ಎಷ್ಟು ಕಡಿಮೆಯಿದೆ ಎಂದಷ್ಟೇ ನೋಡುವುದಿಲ್ಲ. ಎಷ್ಟು ಹೊತ್ತಿನಿಂದ ಕಡಿಮೆಯಿದೆ ಎನ್ನುವುದನ್ನೂ ಕೂಡಿಸುತ್ತಾ ಹೋಗುತ್ತದೆ. ತಣ್ಣಗಿನ ಸ್ಮೋಕರ್ ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಅಲ್ವಾ? ಅಷ್ಟು ಹೊತ್ತೂ ಈ ಬಾಕಿ ಬೆಳೆಯುತ್ತದೆ. ಬಿಸಿ 110 ಮುಟ್ಟಿದ ಮೇಲೂ ಬಾಕಿ ತೀರುವ ತನಕ ಕಂಟ್ರೋಲರ್ ಊದುವುದನ್ನು ಬಿಡುವುದಿಲ್ಲ. ಹೊಸ ಪೆಟ್ಟಿಗೆಗಳಲ್ಲಿ ಈ ಬಾಕಿಗೆ ಮಿತಿ ಹಾಕಿರುತ್ತಾರೆ. ಎಲ್ಲದರಲ್ಲೂ ಅಲ್ಲ.

ಒಬ್ಬರು ಕಳಿಸಿದ ಗ್ರಾಫ್‌ನಲ್ಲಿ ಇದು ಗೆರೆ ಎಳೆದಂತೆ ಕಾಣುತ್ತಿತ್ತು. ಫ್ಯಾನ್‌ನ ಗೆರೆ ಶುರುವಿನಿಂದ ನೂರಕ್ಕೆ ಅಂಟಿಕೊಂಡಿದೆ. ಬಿಸಿಯ ಗೆರೆ ನಿಧಾನವಾಗಿ ಏರಿ 110 ದಾಟುತ್ತದೆ. ಫ್ಯಾನ್ ಆಮೇಲೆ ಇಳಿಯಲು ಶುರುಮಾಡುತ್ತದೆ, ಸೊನ್ನೆಗೆ ಬರುವಷ್ಟರಲ್ಲಿ ಬಿಸಿ 130. ಅಲ್ಲಿಂದ ಮುಂದೆ ಫ್ಯಾನ್ ಸೊನ್ನೆಯಲ್ಲೇ ಇದೆ, ಬಿಸಿ ಮಾತ್ರ 150ರವರೆಗೆ ಹತ್ತಿದೆ. ಅಷ್ಟು ಹೊತ್ತು ಊದಿದ್ದರಿಂದ ಬುಟ್ಟಿಯ ಇದ್ದಿಲು ಪೂರ್ತಿ ಕೆಂಡವಾಗಿತ್ತು. ಮೇಲಿನ ಕಂಡಿ ಅಗಲವಾಗಿ ತೆರೆದಿತ್ತು. ಹೊತ್ತಿದ ಕೆಂಡವನ್ನು ಯಾವ ಪೆಟ್ಟಿಗೆಯೂ ವಾಪಸ್ ಇದ್ದಿಲು ಮಾಡಲಾರದು.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ ಕ್ರಮ. ಇದ್ದಿಲು ಬುಟ್ಟಿಯ ಒಂದು ಮೂಲೆಯಲ್ಲಿ ಮಾತ್ರ ಹೊತ್ತಿಸಿ. ಫ್ಯಾನ್ ಇಲ್ಲದೆ, ಕಂಡಿ ತೆರೆದಿಟ್ಟು ಸ್ಮೋಕರ್‌ನ ಮೈ ಕಾಯಲು ಬಿಡಿ. 90ರ ಹತ್ತಿರ ಬಂದಾಗ ಕೆಳಗಿನ ಕಂಡಿ ಮುಚ್ಚಿ, ಮೇಲಿನದನ್ನು ಒಂದು ಸೀಳಿನಷ್ಟು ಮಾತ್ರ ಬಿಟ್ಟು, ಆಮೇಲೆ ಕಂಟ್ರೋಲರ್ ಆನ್ ಮಾಡಿ. ಫ್ಯಾನ್ ಬಾಯಿಗೆ ಅಡ್ಡತಟ್ಟೆ ಇದ್ದರೆ ಅರ್ಧ ಮುಚ್ಚಿ. ಮೇಲಿನ ಕಂಡಿಯೇ ಇಲ್ಲಿ ಬ್ರೇಕ್, ಅದು ನಿಮ್ಮ ಕೈಯಲ್ಲೇ ಇರಬೇಕು. ಫ್ಯಾನ್ ಆಗಾಗ ಸ್ವಲ್ಪ ಓಡಿ ನಿಲ್ಲುತ್ತಿದ್ದರೆ ಸರಿಯಿದೆ. ಸದಾ ಸೊನ್ನೆಯಲ್ಲೇ ಇದ್ದರೆ ಕಂಡಿ ಇನ್ನೂ ಕಿರಿದಾಗಬೇಕು. ಸದಾ ನೂರರಲ್ಲೇ ಇದ್ದರೆ ಬೆಂಕಿ ಸಾಲದು, ಇಲ್ಲವೇ ಬೂದಿ ಕಟ್ಟಿಕೊಂಡಿದೆ.

ಮುಚ್ಚಳ ತೆಗೆಯುವ ಮೊದಲು ಫ್ಯಾನ್ ನಿಲ್ಲಿಸಿ, ಇದನ್ನು ಮರೆಯಬೇಡಿ. ಚಳಿಗಾಳಿ ಬಡಿದ ಪ್ರೋಬ್ ಥಟ್ಟನೆ 60 ಓದುತ್ತದೆ, ಕಂಟ್ರೋಲರ್ ಗಾಬರಿಬಿದ್ದು ಪೂರ್ತಿ ಊದುತ್ತದೆ. ನೀವು ಮಾಂಸ ನೋಡಿ ಮುಚ್ಚುವಷ್ಟರಲ್ಲಿ ಬೆಂಕಿ ದುಪ್ಪಟ್ಟಾಗಿರುತ್ತದೆ.

ಪ್ರೋಬ್ ಎಲ್ಲಿದೆಯೋ ಅಲ್ಲಿನ ಬಿಸಿ ಮಾತ್ರ ಕಂಟ್ರೋಲರ್‌ಗೆ ಗೊತ್ತು. ಫ್ರಿಜ್‌ನಿಂದ ತೆಗೆದ ಮಾಂಸಕ್ಕೆ ಒತ್ತಿಕೊಂಡಿದ್ದರೆ ಅದು ಮಾಂಸದ ತಣ್ಣನ್ನೇ ಓದಿ ಸ್ಮೋಕರನ್ನು ಸುಮ್ನೆ ಕಾಯಿಸುತ್ತದೆ. ಮಾಂಸ ಇಡುವ ಜಾಲರಿಯ ಮಟ್ಟದಲ್ಲಿ, ಮಾಂಸದಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ, ಗೋಡೆಗೆ ತಾಗದಂತೆ ಸಿಕ್ಕಿಸಿ. ಎರಡು ಬೇರೆ ಲೋಹದ ತಂತಿ ಬೆಸೆದು ಮಾಡಿದ ಥರ್ಮೋಕಪಲ್ ಪ್ರೋಬ್ ಆದರೆ ಇನ್ನೊಂದು ಸೂಕ್ಷ್ಮ ಇದೆ. ಅದು ಅಳೆಯುವುದು ತನ್ನ ಎರಡು ತುದಿಗಳ ನಡುವಿನ ಬಿಸಿಯ ವ್ಯತ್ಯಾಸವನ್ನು. ಕೆ ಬಗೆಯದ್ದಾದರೆ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಪೆಟ್ಟಿಗೆಯೊಳಗಿನ ಇನ್ನೊಂದು ಸಣ್ಣ ಸೆನ್ಸರ್ ಅಲ್ಲಿನ ಬಿಸಿ ನೋಡಿ ಲೆಕ್ಕಕ್ಕೆ ಸೇರಿಸುತ್ತದೆ. ಪೆಟ್ಟಿಗೆಯ ಒಂದು ಬದಿ ಸ್ಮೋಕರ್ ಕಾವಿಗೆ, ಇನ್ನೊಂದು ಬದಿ ಚಳಿಗಾಳಿಗೆ ಸಿಕ್ಕರೆ ಈ ಲೆಕ್ಕ ತಪ್ಪುತ್ತದೆ. ಪೆಟ್ಟಿಗೆಯನ್ನು ಸ್ಮೋಕರ್ ಕಾಲಿಗೆ ನೇತು ಹಾಕಬೇಡಿ ಅನ್ನುವುದು ಇದಕ್ಕೇ. ಅನುಮಾನ ಬಂದರೆ ಪುಡಿಮಾಡಿದ ಮಂಜುಗಡ್ಡೆ ತುಂಬಿದ ನೀರಲ್ಲಿ ಪ್ರೋಬ್ ತುದಿ ಅದ್ದಿ ನೋಡಿ, ಸೊನ್ನೆಯ ಆಸುಪಾಸು ಬರಬೇಕು. ಕುದಿಯುವ ನೀರಲ್ಲಿ 100 ಬರುವುದು ಸಮುದ್ರ ಮಟ್ಟದಲ್ಲಿ ಮಾತ್ರ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಡಿಗ್ರಿ ಕಳೆಯಿರಿ.

ಬಿಸಿಯ ಏರಿಳಿತ ತಗ್ಗಿಸಲು ಸ್ಮೋಕರ್ ಒಳಗೆ ಇಡುವ ನೀರಿನ ತಟ್ಟೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಚಳಿಯಲ್ಲಿ ಬೇಡ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,260 ಕಿಲೋಜೌಲ್ ಬೇಕು. 1,000 ವ್ಯಾಟ್ ಹೀಟರ್ ಸುಮಾರು 38 ನಿಮಿಷ ಉರಿದಷ್ಟು ಶಾಖ ಅದು. ಶಾಖಕ್ಕೇ ಬರ ಇರುವಾಗ ಅದನ್ನು ಆವಿ ಮಾಡಿ ಕಳಿಸುವುದೇಕೆ? ತಟ್ಟೆಗೆ ಒಣ ಮರಳು ತುಂಬಿ, ಮೇಲೆ ಫಾಯಿಲ್ ಹಾಸಿ. ಮರಳು ಶಾಖ ಹಿಡಿದಿಟ್ಟುಕೊಂಡು ಏರಿಳಿತ ತಗ್ಗಿಸುತ್ತದೆ.

ಗೋಡೆ ಕಾಯುವ ಮೊದಲೇ ಮಾಂಸ ಇಡಬೇಡಿ. ತಣ್ಣಗಿನ ತಗಡಿಗೆ ಹೊಗೆ ತಾಗಿದರೆ ಅದರ ಟಾರು ನೀರಾಗಿ ಮಾಂಸದ ಮೇಲೆ ತೊಟ್ಟಿಕ್ಕುತ್ತದೆ, ರುಚಿ ಕಹಿ. ಆರೋಗ್ಯದ ಮಾತೂ ಇದೆ. 5ರಿಂದ 60 ಡಿಗ್ರಿ ನಡುವೆ ಮಾಂಸ ಬಹಳ ಹೊತ್ತು ಇದ್ದರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ರಾತ್ರಿಯಿಡೀ ಬೇಯಿಸುವವರು ಬಿಸಿ ಇಳಿದರೆ ಕೂಗುವ ಅಲಾರಂ ಇಟ್ಟೇ ಮಲಗಿ.

ಪೆಲೆಟ್ ಸ್ಮೋಕರ್ ಇಟ್ಟುಕೊಂಡವರು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಬೆಂಕಿ ಆರಿಹೋದರೆ ಬಿಸಿ ಇಳಿಯುತ್ತದೆ. ಆರಿದ್ದನ್ನು ಕಂಟ್ರೋಲರ್ ಗುರುತಿಸದಿದ್ದರೆ ಇನ್ನಷ್ಟು ಗುಳಿಗೆ ತಳ್ಳುತ್ತಲೇ ಇರುತ್ತದೆ. ಆ ರಾಶಿಗೆ ಹಾಗೆಯೇ ಮತ್ತೆ ಬೆಂಕಿ ಕೊಟ್ಟರೆ ತುಂಬಿದ ಹೊಗೆ ಒಮ್ಮೆಲೇ ಭುಗ್ಗೆಂದು ಮುಚ್ಚಳ ಹಾರಿಸಬಹುದು. ಬೆಂಕಿಗುಂಡಿ ಖಾಲಿ ಮಾಡಿಯೇ ಮತ್ತೆ ಹಚ್ಚಿ.

ಚಳಿ ತಾಳದೆ ಸ್ಮೋಕರನ್ನು ಗ್ಯಾರೇಜಿನೊಳಗೆ ಎಳೆದುಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಬಾಗಿಲು ತೆರೆದಿಟ್ಟರೂ ಬೇಡ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ.

ಇನ್ನು ಪೆಟ್ಟಿಗೆಯ ಆರೈಕೆ. ಕೊರೆಯುವ ಚಳಿಯಲ್ಲಿ ಎಲ್‌ಸಿಡಿ ಪರದೆ ಮಂದವಾಗುತ್ತದೆ, ಅಂಕಿಗಳು ನಿಧಾನ ಬದಲಾಗುತ್ತವೆ. ಅದು ಕೆಟ್ಟಿಲ್ಲ, ಬೆಚ್ಚಗಾದರೆ ಸರಿಹೋಗುತ್ತದೆ. ಪಿವಿಸಿ ಸುತ್ತಿದ ವೈರ್ ಬಿರುಸಾಗಿ ಸೀಳುತ್ತದೆ, ಚಳಿಯಲ್ಲಿ ಅದನ್ನು ಬಗ್ಗಿಸಿ ಸುತ್ತಬೇಡಿ. ನಿಂತ ಫ್ಯಾನಿನೊಳಗೆ ಆವಿ ಹಿಂದಕ್ಕೆ ನುಗ್ಗಿ ಅದರ ಅಡ್ಡತಟ್ಟೆ ಹೆಪ್ಪುಗಟ್ಟುವುದುಂಟು, ಶುರುವಿಗೆ ಮೊದಲು ಬೆರಳಲ್ಲಿ ಅಲ್ಲಾಡಿಸಿ ನೋಡಿ. ಪವರ್‌ಬ್ಯಾಂಕಿನಿಂದ ಓಡಿಸುವವರು ಅದನ್ನು ಥರ್ಮೋಕೋಲ್ ಡಬ್ಬಿಯಲ್ಲಿ, ಸ್ಮೋಕರ್‌ನಿಂದ ದೂರ ಇಡಿ. ಚಳಿಯಲ್ಲಿ ಲಿಥಿಯಂ ಬ್ಯಾಟರಿ ಬೇಗ ಕೈಬಿಡುತ್ತದೆ.

ಕೆಲಸ ಮುಗಿದ ಮೇಲೆ ತಣ್ಣಗಿನ ಪೆಟ್ಟಿಗೆಯನ್ನು ನೇರವಾಗಿ ಬೆಚ್ಚಗಿನ ಮನೆಯೊಳಗೆ ತಂದರೆ ಒಳಗಿನ ಬೋರ್ಡ್ ಮೇಲೆ ನೀರಹನಿ ಕೂರುತ್ತದೆ. ನನ್ನ ಮೇಜಿಗೆ ಬರುವ ಪೆಟ್ಟಿಗೆಗಳಲ್ಲಿ ನಿಜವಾಗಿ ಕೆಟ್ಟಿರುವ ಕೆಲವು ಕೆಟ್ಟಿರುವುದು ಹೀಗೆ. ಹೊರಗೇ ಆಫ್ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಆಮೇಲೆ ಒಳಗೆ ತನ್ನಿ. ಹನಿ ಕವರಿನ ಹೊರಗೆ ಕೂರುತ್ತದೆ. ಒಂದೆರಡು ಗಂಟೆ ಬಿಟ್ಟು ಬಿಚ್ಚಿದರೆ ಸಾಕು. ಪವರ್‌ಬ್ಯಾಂಕನ್ನೂ ಹಾಗೆಯೇ ಬೆಚ್ಚಗಾಗಲು ಬಿಟ್ಟು ಚಾರ್ಜಿಗೆ ಹಾಕಿ, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಬ್ಯಾಟರಿ ಒಳಗಿಂದ ಹಾಳಾಗುತ್ತದೆ.