ಬೈತಖೋಲದ ಕಂದು ಗರುಡ

ಕಾರವಾರದ ಬೈತಖೋಲ ಬಂದರಿನಲ್ಲಿ ಒಂದು ಮೇ ತಿಂಗಳ ಬೆಳಿಗ್ಗೆ ಕಂದು ಹಕ್ಕಿಯೊಂದರ ನೂರಾರು ಫೋಟೋ ತೆಗೆದು, ಹದ್ದು ಸಿಕ್ಕಿತು ಅಂತ ಬೀಗುತ್ತಿದ್ದೆ. ಪಕ್ಕದಲ್ಲಿ ಬಲೆ ಸರಿಮಾಡುತ್ತಿದ್ದವರು ಕ್ಯಾಮೆರಾಕ್ಕೆ ಇಣುಕಿದರು. "ಹದ್ದಲ್ಲ ಸರ್, ಗರುಡನ ಮರಿ. ಬಾಲ ನೋಡಿ" ಅಂದರು.

ನೋಡಿದೆ. ಹದ್ದಿನ ಬಾಲದ ತುದಿ ಸ್ವಲ್ಪ ಕವಲಾಗಿರುತ್ತದೆ. ಇದರದು ಬೀಸಣಿಗೆಯ ಹಾಗೆ ದುಂಡಗಿತ್ತು. ಗರುಡ ಅಂದ ಕೂಡಲೇ ನಾವು ಹುಡುಕುವುದು ಬೆಳ್ಳನೆಯ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ ಅಲ್ವಾ? ಆದರೆ ಮೊದಲ ವರ್ಷ ಅದು ಬರೀ ಕಂದು. ಎರಡನೇ ವರ್ಷ ತಲೆ ಬೆಳ್ಳಗಾಗುತ್ತಾ ಬಂದು, ಮೂರನೇ ವರ್ಷದ ಹೊತ್ತಿಗೆ ಪೂರ್ತಿ ಬಣ್ಣ ಬರುತ್ತದೆ. ನಮ್ಮ ಕರಾವಳಿಯ ಬಿಳಿಹೊಟ್ಟೆಯ ಕಡಲ ಹದ್ದಿಗಂತೂ ನಾಲ್ಕೈದು ವರ್ಷ ಬೇಕು.

ಬಾಲ ಸರಿಯಾಗಿ ಕಾಣದಿದ್ದರೆ ರೆಕ್ಕೆಯ ಹಿಂದಿನ ಅಂಚು ನೋಡಿ. ಇದು ನನಗೆ ತುಂಬಾ ಇಷ್ಟವಾದ ಗುರುತು. ಮರಿಯ ಹಾರುವ ಗರಿಗಳೆಲ್ಲ ಗೂಡಿನಲ್ಲಿ ಒಟ್ಟಿಗೇ ಬೆಳೆದವು, ಒಂದೇ ವಯಸ್ಸಿನವು. ಹಾಗಾಗಿ ಅಂಚು ಕತ್ತರಿಯಾಡಿಸಿದಷ್ಟು ಸಮ. ದೊಡ್ಡ ಹಕ್ಕಿ ಹಳೆಯ ಗರಿಗಳನ್ನು ಒಂದೊಂದಾಗಿ ಉದುರಿಸಿ ಹೊಸದು ಬೆಳೆಸುತ್ತಿರುತ್ತದೆ. ಅದರ ಅಂಚಿನಲ್ಲಿ ಅಲ್ಲಲ್ಲಿ ಸಂದು, ಉದ್ದಗಿಡ್ಡ. ಕೆಳಗಿನಿಂದ ತೆಗೆದ ಒಂದು ಸ್ಪಷ್ಟ ಫೋಟೋದಲ್ಲಿ ಇಷ್ಟೂ ಓದಬಹುದು.

ಮರಿಯ ಫೋಟೋ ಬೇಕು ಅಂತ ಕೆಲವರು ಗೂಡಿನ ಮರ ಹುಡುಕಿ ಹೋಗುತ್ತಾರೆ. ನನಗದು ಸರಿ ಕಾಣುವುದಿಲ್ಲ. ಸಣ್ಣ ಮರಿಗೆ ತನ್ನ ಮೈ ಬಿಸಿಯನ್ನು ಹಿಡಿತದಲ್ಲಿಡಲು ಬರುವುದಿಲ್ಲ. ಮಾರ್ಚ್ ಬಿಸಿಲಿನಲ್ಲಿ ತಾಯಿಯ ರೆಕ್ಕೆಯೇ ಅದಕ್ಕೆ ಚಪ್ಪರ. ನಾವು ಬುಡದಲ್ಲಿ ನಿಂತರೆ ತಾಯಿ ಎದ್ದು ಹಾರುತ್ತದೆ, ಕಾಗೆಗಳಿಗೆ ದಾರಿಯಾಗುತ್ತದೆ. ಬಲಿತ ಮರಿಯಾದರೆ ಗಾಬರಿಯಾಗಿ, ರೆಕ್ಕೆ ಗಟ್ಟಿಯಾಗುವ ಮೊದಲೇ ಜಿಗಿದುಬಿಡಬಹುದು. ಡ್ರೋನ್ ಮಾತು ಬೇಡವೇ ಬೇಡ. ನೌಕಾನೆಲೆ ಇರುವ ಊರು ಇದು, ಹಕ್ಕಿಗಿಂತ ಮೊದಲು ಪೊಲೀಸರು ಬಂದಾರು.

ಅಷ್ಟೆಲ್ಲ ಯಾಕೆ? ಹಾರಲು ಕಲಿತ ಮರಿಗಳು ತಾವಾಗಿಯೇ ಧಕ್ಕೆಗೆ, ಅಂದರೆ ಬೋಟು ನಿಲ್ಲುವ ಕಟ್ಟೆಗೆ ಬರುತ್ತವೆ. ಇಲ್ಲಿ ಗರುಡ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಏಪ್ರಿಲ್ ನಡುವೆ ಮರಿ ಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೋಟಿನಿಂದ ಎಸೆದ ಮೀನಿನ ಚೂರಿಗೆ ದೊಡ್ಡವು, ಚಿಕ್ಕವು ಎಲ್ಲ ಒಟ್ಟಿಗೆ ಎರಗುತ್ತವೆ. ದೊಡ್ಡವು ಕಾಲಿನಲ್ಲಿ ಸಲೀಸಾಗಿ ಎತ್ತಿಕೊಂಡು ಹಾರುತ್ತಲೇ ತಿನ್ನುತ್ತವೆ. ಮರಿಗಳು ತಪ್ಪುತ್ತವೆ, ಬೀಳಿಸುತ್ತವೆ, ಮತ್ತೆ ಸುತ್ತು ಹಾಕಿ ಬರುತ್ತವೆ. ನಮಗೂ ಇನ್ನೊಂದು ಅವಕಾಶ!

ಶಟರ್ ವೇಗ ಸೆಕೆಂಡಿನ 2000ದಲ್ಲಿ ಒಂದು ಭಾಗದಷ್ಟಿರಲಿ. ಬೆಳ್ಳಗಿನ ಆಕಾಶಕ್ಕೆ ಕ್ಯಾಮೆರಾ ಮೋಸ ಹೋಗಿ ಕಂದು ಮರಿಯನ್ನು ಕರಿ ಮಾಡಿಬಿಡುತ್ತದೆ, ಅದಕ್ಕೆ ಕ್ಯಾಮೆರಾದಲ್ಲಿ ಬೆಳಕನ್ನು ಒಂದು ಸ್ಟಾಪ್, ಅಂದರೆ ಎರಡರಷ್ಟಕ್ಕೆ ಏರಿಸಿಕೊಳ್ಳಿ. ಹಸಿರು ಗುಡ್ಡದ ಮುಂದೆ ಬಿಳಿ ತಲೆಯ ಗರುಡ ಬಂದರೆ ಇಳಿಸಿ, ಇಲ್ಲದಿದ್ದರೆ ತಲೆ ಸುಣ್ಣದ ಉಂಡೆಯಾಗುತ್ತದೆ. ಎಂಟು ಗಂಟೆಯೊಳಗೆ ಮುಗಿಸಿದರೆ ಒಳ್ಳೆಯದು. ಆಮೇಲೆ ನೀರಿನ ಝಳಕ್ಕೆ ಗರಿಗಳು ಕಲಸಿಹೋಗುತ್ತವೆ.

ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಹೋದ ಸಲ ಮೇ 31ರಂದು ಕೊನೆಯ ಬೋಟಿನ ಮೇಲೆ ಅದೇ ಕಂದು ಮರಿ ಎರಗಿತು. ಬಂಗಡೆಯ ತಲೆ ಕಾಲಿಗೆ ಸಿಕ್ಕಿಯೂ ಜಾರಿತು, ಕಾಗೆ ಅದನ್ನು ಗಾಳಿಯಲ್ಲೇ ಹಿಡಿಯಿತು. ಫೋಟೋದಲ್ಲಿ ಫೋಕಸ್ ಆಗಿರುವುದು ಕಾಗೆ.