ಪರದೆ ಮುಗಿಯುವ ಕಡೆ

ಹಳೆಯ ಫೋಟೊ ದುರಸ್ತಿಗೆ ತರುವವರು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: "ಅಂಚು ಹಾಳಾಗಿದೆ, ಕತ್ತರಿಸಿಬಿಡಿ ಸಾರ್, ಮುಖ ಉಳಿದರೆ ಸಾಕು." ಕಳೆದ ತಿಂಗಳು ಸೇನೆಯ ಸಮವಸ್ತ್ರ ತೊಟ್ಟ ಮುತ್ತಜ್ಜನ ಚಿತ್ರವನ್ನು ಚೌಕಟ್ಟಿನ ಸಮೇತ ತಂದ ಹುಡುಗನೂ ಅದನ್ನೇ ಹೇಳಿದ. ಅವನನ್ನು ಕೂರಿಸಿಕೊಂಡು ಫ್ರಾನ್ಸಿನ ಒಂದು ಹಳ್ಳಿಯ ಕಥೆ ಹೇಳಬೇಕಾಯಿತು.

ಅಮಿಯಾನ್ ನಗರದ ಉತ್ತರಕ್ಕೆ ವಿನ್ಯಾಕೂರ್ ಎಂಬ ಊರಿದೆ. ಮೊದಲ ಮಹಾಯುದ್ಧದಲ್ಲಿ ಸೊಮ್ ರಣಭೂಮಿಯಿಂದ ಹಿಂದಕ್ಕೆ ಬಂದ ಪಡೆಗಳು ದಣಿವಾರಿಸಿಕೊಳ್ಳುತ್ತಿದ್ದ ಜಾಗ ಅದು. ಅಲ್ಲಿನ ಲೂಯಿ ತ್ವಿಲಿಯೇ ಮತ್ತು ಅವನ ಹೆಂಡತಿ ಆಂತ್ವಾನೆತ್ ತಮ್ಮ ಮನೆಯಂಗಳದಲ್ಲೇ ಚಿತ್ರ ಬರೆದ ಕ್ಯಾನ್ವಾಸ್ ಪರದೆ ಇಳಿಬಿಟ್ಟು ಸೈನಿಕರ ಫೋಟೊ ತೆಗೆಯತೊಡಗಿದರು. 1916ರಲ್ಲಿ ಅದೇ ಸೊಮ್ ರಣಭೂಮಿಯ ಪೊಜಿಯೇರ್ ಕಾಳಗದ ಆರೇಳು ವಾರಗಳಲ್ಲಿ ಸತ್ತ, ಗಾಯಗೊಂಡ ಆಸ್ಟ್ರೇಲಿಯನ್ನರು ಸುಮಾರು 23,000. ಅಲ್ಲಿಂದ ಬದುಕಿ ಬಂದವರೂ ಆ ಪರದೆಯ ಮುಂದೆ ನಿಂತಿದ್ದಾರೆ. ಬೂಟಿನಲ್ಲಿ ಕೆಸರು, ಬೆರಳ ಸಂದಿಯಲ್ಲಿ ಸಿಗರೇಟು.

ಅವರಿಗೆ ಸಿಗುತ್ತಿದ್ದುದು ಅಂಚೆ ಕಾರ್ಡು. ಹಿಂಬದಿಯಲ್ಲಿ ವಿಳಾಸದ ಗೆರೆಗಳು ಮೊದಲೇ ಅಚ್ಚಾಗಿರುವ ಫೋಟೊ ಕಾಗದವನ್ನು ನೆಗೆಟಿವ್‌ಗೆ ಒತ್ತಿ ಹಿಡಿದು ಬೆಳಕು ತೋರಿಸಿದರೆ ಚಿತ್ರವೂ ಕಾಗದವೂ ಒಂದೇ ಏಟಿಗೆ ಸಿದ್ಧ. ಮನೆಗೆ ಕಳಿಸುವವನು ಅದರಲ್ಲಿ ಊರಿನ ಹೆಸರು ಬರೆಯುವಂತಿರಲಿಲ್ಲ. ಅದಕ್ಕೆ ಸೇನೆಯ ಸೆನ್ಸಾರ್ ಅಡ್ಡಿಯಿತ್ತು. ಹೀಗಾಗಿ 'ಫ್ರಾನ್ಸಿನಲ್ಲಿ ಎಲ್ಲೋ' ಎಂಬಷ್ಟೇ ಗುರುತಿನ ಕಾರ್ಡುಗಳು ಆಸ್ಟ್ರೇಲಿಯಾದ ಮನೆಗಳ ಆಲ್ಬಮ್‌ಗಳಲ್ಲಿ ಕೂತವು.

2011ರಲ್ಲಿ ತ್ವಿಲಿಯೇ ಮನೆಯ ಅಟ್ಟದ ಪೆಟ್ಟಿಗೆಗಳಲ್ಲಿ ಸಾವಿರಾರು ಗಾಜಿನ ಪ್ಲೇಟ್‌ಗಳು, ಅಂದರೆ ಆ ಫೋಟೊಗಳ ಮೂಲ ನೆಗೆಟಿವ್‌ಗಳು, ಸಿಕ್ಕವು. (ನಮ್ಮ ಮಲೆನಾಡಿನ ಅಟ್ಟವಾಗಿದ್ದರೆ ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಚಿತ್ರ ಹಿಡಿದಿಟ್ಟ ಜಿಲೆಟಿನ್ ಲೇಪಕ್ಕೆ ಬೂಷ್ಟು ಹಿಡಿದು ಗಾಜು ಮಾತ್ರ ಉಳಿಯುತ್ತಿತ್ತು.) ಅವುಗಳಲ್ಲಿ 800ಕ್ಕೂ ಹೆಚ್ಚು ಈಗ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನಲ್ಲಿವೆ. ನಿಂತವರ ಹೆಸರು ಬರೆದಿಟ್ಟಿರಲಿಲ್ಲ. ಆದರೆ ಅದೇ ಪರದೆ ತಮ್ಮ ಆಲ್ಬಮ್ಮಿನಲ್ಲೂ ಇರುವುದನ್ನು ಕಂಡ ಕುಟುಂಬಗಳಿಗೆ ತಮ್ಮವನು ನಿಂತಿದ್ದ ಊರು ಯಾವುದೆಂದು ತಿಳಿಯಿತು. ಸೆನ್ಸಾರ್ ಅಳಿಸಿದ್ದ ವಿಳಾಸ ಹಿನ್ನೆಲೆಯಲ್ಲೇ ಇತ್ತು.

ಇಂಥ ಚಿತ್ರ ಓದುವಾಗ ನಾನು ಮುಖವನ್ನು ಕೊನೆಗೆ ನೋಡುತ್ತೇನೆ. ಮೊದಲ ಪ್ರಶ್ನೆ, ಎಡಬಲ ಅದಲುಬದಲಾಗಿದೆಯೇ? ಗಾಜನ್ನು ತಿರುಗಿಸಿ ಸ್ಕ್ಯಾನ್ ಮಾಡಿದರೆ ಕನ್ನಡಿಯ ಬಿಂಬ ಬರುತ್ತದೆ. ಆಸ್ಟ್ರೇಲಿಯಾದ ಸೈನಿಕನ ಅಗಲ ಟೋಪಿಯಲ್ಲಿ ಮೇಲಕ್ಕೆ ಮಡಚುವುದು ಎಡದ ಅಂಚನ್ನು, ಪದಕದ ಪಟ್ಟಿ ಇರುವುದು ಎಡ ಎದೆಯ ಮೇಲೆ. ಅಲ್ಲಿ ಎಡವಟ್ಟಾಗಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪು.

ಆಮೇಲೆ ತೋಳಿಗೆ ಹೊಲಿದ ಬಣ್ಣದ ಬಟ್ಟೆ ತುಂಡು. ಅದರ ಆಕಾರ ಸೈನಿಕನ ಡಿವಿಜನ್ ಹೇಳುತ್ತದೆ, ಬಣ್ಣಗಳು ಅದರೊಳಗಿನ ಬ್ರಿಗೇಡ್ ಮತ್ತು ಬ್ರಿಗೇಡಿನೊಳಗಿನ ಬೆಟಾಲಿಯನ್ ಹೇಳುತ್ತವೆ. ತೊಡಕೆಂದರೆ ಆ ಕಾಲದ ಸಾಮಾನ್ಯ ಪ್ಲೇಟ್‌ಗಳಿಗೆ ಕೆಂಪು ಕಾಣುತ್ತಿರಲಿಲ್ಲ, ನೀಲಿ ಅತಿಯಾಗಿ ಕಾಣುತ್ತಿತ್ತು. 5ನೇ ಬೆಟಾಲಿಯನ್ನಿನ ತುಂಡಿನಲ್ಲಿ ಮೇಲೆ ಕಪ್ಪು, ಕೆಳಗೆ ಕೆಂಪು. ಚಿತ್ರದಲ್ಲಿ ಎರಡೂ ಕಲೆತು ಒಂದೇ ಕಪ್ಪು ಬಟ್ಟೆಯಂತೆ ಕಾಣಬಹುದು. 9ನೆಯದರಲ್ಲಿ ಕಪ್ಪಿನ ಕೆಳಗೆ ತಿಳಿನೀಲಿ. ಅದು ಬಿಳಿಗೆ ತಿರುಗುತ್ತದೆ. ಈಗಿನ ಮೊಬೈಲ್ ಆ್ಯಪ್‌ಗಳು ಇದಕ್ಕೆಲ್ಲ ತಮಗೆ ತೋಚಿದ ಬಣ್ಣ ಬಳಿದು ಕೊಡುತ್ತವೆ. ನೋಡಲು ಚೆಂದ, ಗುರುತಿಗೆ ಮಾರಕ.

ಇನ್ನು ಅಂಚು. ಪ್ಲೇಟಿನಲ್ಲಿ ಇರುವುದೆಲ್ಲ ಕಾರ್ಡಿಗೆ ಬರಲೇಬೇಕೆಂದಿಲ್ಲ. ಪರದೆಯ ಕೊನೆ, ಅದರಾಚೆಯ ಗೋಡೆ, ಕಾಲ ಕೆಳಗಿನ ನೆಲ ಇವೆಲ್ಲ ಗಾಜಿನಲ್ಲಿ ಉಳಿದಿರುತ್ತವೆ. ಗಿರಾಕಿಗೆ ಬೇಡವೆಂದು ಫೋಟೊಗ್ರಾಫರ್ ಬಿಟ್ಟಿದ್ದೇ ಇಂದು ನಮಗೆ ಸಾಕ್ಷಿ.

ಹುಡುಗ ಅರೆಮನಸ್ಸಿನಿಂದ ಒಪ್ಪಿದ. ಚೌಕಟ್ಟು ಬಿಚ್ಚಿ, ಚಿತ್ರದ ಸುತ್ತ ಕೂರಿಸಿದ್ದ ರಟ್ಟನ್ನು ಮೆಲ್ಲಗೆ ಎಬ್ಬಿಸಿದೆ. ಅದರ ಮರೆಯಲ್ಲಿ ಅರ್ಧ ಇಂಚಿನಷ್ಟು ಚಿತ್ರ ಹೊಸದರಂತೆ ಉಳಿದಿತ್ತು. ಅಲ್ಲಿ ಪರದೆ ಮುಗಿಯುತ್ತಿತ್ತು. ಅದು ಗಾಳಿಗೆ ಹಾರದಂತೆ ಯಾರೋ ಹಿಡಿದಿದ್ದರು. ನಾಲ್ಕು ಬೆರಳು, ಎರಡು ಬಳೆ, ಅಷ್ಟೇ.

ಅವನು ಭೂತಗನ್ನಡಿಯನ್ನು ನನ್ನ ಕೈಯಿಂದ ಇಸಿದುಕೊಂಡ. ಮುತ್ತಜ್ಜನನ್ನು ಬಿಟ್ಟು ಆ ಬೆರಳುಗಳನ್ನೇ ಬಹಳ ಹೊತ್ತು ನೋಡಿ, ಊರಿನ ಅತ್ತೆಗೆ ಫೋನ್ ಮಾಡಿದ.